ಸೋತವರಿಗೊಂದು ಶನಿವಾರ

ಕಬಡ್ಡಿಯಲ್ಲಿ ಸತ್ತವನು ಮತ್ತೆ ಎದ್ದು ಬರುತ್ತಾನೆ. ಈ ಆಟದ ನಿಯಮಗಳಲ್ಲೆಲ್ಲ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಇದೊಂದು. ಉಸಿರು ಹಿಡಿದು ಎದುರು ಪಕ್ಷದ ಅಂಗಳಕ್ಕೆ ನುಗ್ಗಿದವನು ಅಲ್ಲಿ ಸಿಕ್ಕಿಬಿದ್ದರೆ ಅಂಕಣದ ಹೊರಗೆ ಹೋಗಿ ಕೂಡಬೇಕು. ಪೇಟೆಯ ಆಟಗಾರರು ಇದನ್ನು 'ಔಟ್' ಎನ್ನುತ್ತಾರೆ. ನಮ್ಮ ಹಳ್ಳಿಯ ಹುಡುಗರು 'ಸತ್ತ' ಎಂದೇ ಕೂಗುತ್ತಾರೆ. ಆದರೆ ಅವನ ಕಡೆಯವನೊಬ್ಬ ಎದುರಾಳಿಯನ್ನು ಮುಟ್ಟಿ ಗೆರೆ ದಾಟಿ ಬಂದೊಡನೆ ಈ ಸತ್ತವನಿಗೆ ಜೀವ ಬರುತ್ತದೆ. ಅದಕ್ಕೂ ಒಂದು ಸರದಿಯುಂಟು. ಮೊದಲು ಸತ್ತವನು ಮೊದಲು ಏಳಬೇಕು. ಚೆನ್ನಾಗಿ ಆಡುವವನೆಂದು ಹಿಂದಿನವನನ್ನು ಮುಂದೆ ಎಬ್ಬಿಸುವಂತಿಲ್ಲ. ಶುಕ್ರಾಚಾರ್ಯರು ಕಚನನ್ನು ಎಬ್ಬಿಸಿದ ಕತೆಯನ್ನು ಬಲ್ಲವರಿಗೆ ಈ ಬಗೆಯ ಆಟಕ್ಕೆ 'ಸಂಜೀವಿನಿ' ಎಂಬ ಹೆಸರು ಏಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ನಮ್ಮ ದೇಶದಲ್ಲಿ ಈ ಆಟಕ್ಕೆ ಮೂರು ಬಗೆಗಳಿದ್ದವು. ಒಂದು ಸಂಜೀವಿನಿ. ಇನ್ನೊಂದು 'ಗಾಮಿನಿ', ಅದರಲ್ಲಿ ಹೋದವನು ಹೋದ, ಒಂದು ಪಕ್ಷದವರೆಲ್ಲರೂ ಮುಗಿಯುವವರೆಗೆ ಯಾರೂ ತಿರುಗಿ ಬರುವಂತಿಲ್ಲ. ಮೂರನೆಯದು 'ಅಮರ', ಅದರಲ್ಲಿ ಸಿಕ್ಕವನೂ ಅಂಕಣ ಬಿಡುವುದಿಲ್ಲ, ಅಂಕವನ್ನಷ್ಟೇ ಎಣಿಸಿಕೊಂಡು ಆಟ ಸಾಗುತ್ತದೆ. ಹುತುತು, ಚಡುಗುಡು ಮುಂತಾದ ಹೆಸರುಗಳಿಂದ ಹರಡಿಕೊಂಡಿದ್ದ ಈ ಆಟಗಳಿಗೆಲ್ಲ ಒಂದೇ ನಿಯಮಾವಳಿ ಬೇಕೆಂದು ಮಹಾರಾಷ್ಟ್ರ, ಬರೋಡಾ ಕಡೆಯ ವ್ಯಾಯಾಮಶಾಲೆಗಳ ಹಿರಿಯರು ಕಳೆದ ಶತಮಾನದ ಎರಡನೆಯ, ಮೂರನೆಯ ದಶಕಗಳಲ್ಲಿ ಶ್ರಮಪಟ್ಟರು. ಹಾಗೆ ಒಂದು ರೂಪಕ್ಕೆ ಬಂದ ಆಟ ೧೯೩೮ರಲ್ಲಿ ಕಲ್ಕತ್ತೆಯ ಅಖಿಲ ಭಾರತ ಕ್ರೀಡಾಕೂಟವನ್ನು ಸೇರಿತು. ೧೯೫೦ರಲ್ಲಿ ಅದಕ್ಕೊಂದು ಅಖಿಲ ಭಾರತ ಒಕ್ಕೂಟ ಹುಟ್ಟಿತು. ಮೂರು ಬಗೆಗಳಲ್ಲಿ ಕೊನೆಗೆ ಉಳಿದು ಬೆಳೆದದ್ದು ಸಂಜೀವಿನಿಯೇ. ನಮ್ಮ ಜನ ಮೂರನ್ನೂ ಆಡಿ ನೋಡಿ, ಸತ್ತವನು ಎದ್ದು ಬರುವ ಆಟವನ್ನು ಇಟ್ಟುಕೊಂಡರು.

ಇಷ್ಟು ದಯೆಯುಳ್ಳ ಆಟವನ್ನು ನಮ್ಮ ಕಾಲೇಜುಗಳಲ್ಲಿ ಹೇಗೆ ಆಡಿಸುತ್ತಿದ್ದೇವೆ? ಇಲ್ಲಿಯೇ ನನ್ನ ತಕರಾರು ಇರುವುದು.

ಬಾದಾಮಿಯಂಥ ಊರಿನ ಒಂದು ಕಾಲೇಜು ತಂಡವನ್ನು ತೆಗೆದುಕೊಳ್ಳಿ. ಬಾಗಲಕೋಟೆ, ಹುನಗುಂದ, ಇಲಕಲ್ಲಿನ ಕಾಲೇಜುಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದ ಈ ಭಾಗದ ಕಾಲೇಜುಗಳು ೨೦೧೦ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಮೇಲೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಹುಟ್ಟಿತು. ಫಲಕ ಬದಲಾಯಿತೇ ಹೊರತು ಕ್ರಮ ಬದಲಾಗಲಿಲ್ಲ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ದೈಹಿಕ ಶಿಕ್ಷಣ ನಿರ್ದೇಶಕರು ಸೂಚನಾ ಫಲಕದ ಮೇಲೊಂದು ಕಾಗದ ಅಂಟಿಸುತ್ತಾರೆ. ನಲವತ್ತು ಹುಡುಗರು ಬರುತ್ತಾರೆ, ಹನ್ನೆರಡು ಮಂದಿ ಉಳಿಯುತ್ತಾರೆ. ಏಳು ಜನ ಆಡುವವರು, ಐದು ಜನ ಕಾಯುವವರು. ಗುಳೇದಗುಡ್ಡದ ಕಡೆಯಿಂದ ಖಣ ನೇಯುವ ಮನೆಯ ಹುಡುಗರು, ಮಲಪ್ರಭೆಯ ದಂಡೆಯ ಒಕ್ಕಲು ಮಕ್ಕಳು, ಕಲ್ಲಿನ ಕೆಲಸದವರ ಮಕ್ಕಳು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗಬೇಕಾದವರು. ಆದ್ದರಿಂದ ಅಭ್ಯಾಸವೆಂದರೆ ಕೊನೆಯ ಪಾಠಕ್ಕೂ ಕೊನೆಯ ಬಸ್ಸಿಗೂ ನಡುವಣ ಒಂದು ತಾಸು. ಹದಿಮೂರು ಮೀಟರು ಉದ್ದ, ಹತ್ತು ಮೀಟರು ಅಗಲದ ನೆಲವನ್ನು ಅವರೇ ಅಗೆದು, ಕಲ್ಲು ಆರಿಸಿ, ನೀರು ಹೊಡೆದು ಹದ ಮಾಡುತ್ತಾರೆ. ಬಾದಾಮಿಯ ಕೆಂಪು ಮರಳುಗಲ್ಲಿನ ನೆಲದಲ್ಲಿ ಕಲ್ಲು ಆರಿಸುವುದು ಮುಗಿಯುವ ಕೆಲಸವಲ್ಲ. ಚಾಲುಕ್ಯರು ಕೊರೆದು ಬಿಟ್ಟ ಚೂರೆಲ್ಲ ನಮ್ಮ ಮೈದಾನದಲ್ಲೇ ಬಿದ್ದಿದೆಯೇನೋ ಎನ್ನಿಸುವುದುಂಟು.

ಹೀಗೆ ಮೂರು ವಾರವೋ ನಾಲ್ಕು ವಾರವೋ ಕಳೆದ ಮೇಲೆ ವಲಯ ಮಟ್ಟದ ಪಂದ್ಯಾವಳಿ. ಅದು ಸಾಮಾನ್ಯವಾಗಿ 'ನಾಕೌಟ್' ಕ್ರಮದ್ದು. ಸೋತವನು ಹೊರಗೆ. ಹದಿನಾರು ತಂಡ ಬಂದಿದ್ದರೆ ಎಂಟು ತಂಡಗಳು ಒಂದೇ ಒಂದು ಆಟ ಆಡಿ ಊರಿಗೆ ಹೊರಡುತ್ತವೆ. ಬಂದವರಲ್ಲಿ ಅರ್ಧ ಜನ! ಕೊನೆಗುಳಿದ ನಾಲ್ಕು ತಂಡಗಳಿಗೆ ಕೆಲವು ಸಲ ಲೀಗ್ ಆಡಿಸುವುದುಂಟು. ಎಂದರೆ ಈಗಾಗಲೇ ಗೆದ್ದವರಿಗೆ ಇನ್ನಷ್ಟು ಆಟ, ಸೋತವರಿಗೆ ಬಸ್ಸಿನ ಚೀಟಿ. ಆಟ ಸಂಜೀವಿನಿಯದು, ಪಂದ್ಯಾವಳಿ ಮಾತ್ರ ಗಾಮಿನಿಯದು.

ನಾನು ಬಾದಾಮಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಒಮ್ಮೆ ತಂಡದೊಂದಿಗೆ ಹೋಗುವ ಹೊಣೆ ನನ್ನ ಪಾಲಿಗೆ ಬಂತು. ಬೆಳಗಿನ ಒಂಬತ್ತೂವರೆಗೆ ಆಟ ಹೂಡಿದರು. ಇಪ್ಪತ್ತು ನಿಮಿಷ, ಐದು ನಿಮಿಷದ ವಿರಾಮ, ಮತ್ತೆ ಇಪ್ಪತ್ತು ನಿಮಿಷ. ಹತ್ತೂಕಾಲಿಗೆ ನಮ್ಮ ಆ ವರ್ಷದ ಕಬಡ್ಡಿ ಮುಗಿಯಿತು. ಐದೇ ಅಂಕಗಳ ಸೋಲು. ನಾಲ್ಕು ದಿನಕ್ಕೆಂದು ಕಟ್ಟಿಸಿಕೊಂಡು ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಇನ್ನೂ ಬಿಚ್ಚಿರಲಿಲ್ಲ. ಹುಡುಗರು ಅಳಲಿಲ್ಲ, ಒಬ್ಬರನ್ನೊಬ್ಬರು ಬಯ್ಯಲೂ ಇಲ್ಲ. ಬೇವಿನ ಮರದ ಕೆಳಗೆ ಕುಳಿತು ಮುಂದಿನ ಆಟ ನೋಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ನಾಯಕ ನನ್ನ ಬಳಿ ಬಂದು ಕುಳಿತ. ಅಂತಿಮ ವರ್ಷದ ಹುಡುಗ. ನಮ್ಮನ್ನು ಸೋಲಿಸಿದ ತಂಡ ಆಗ ಮತ್ತೊಂದು ತಂಡದೊಡನೆ ಆಡುತ್ತಿತ್ತು. ಅದನ್ನೇ ದಿಟ್ಟಿಸುತ್ತ, "ಸರ, ಅವರ ಎಡಮೂಲಿಯಾಂವ ಹೆಂಗ ಕಾಲ ಹಿಡೀತಾನ ಅಂತ ಈಗ ತಿಳೀತ್ರಿ" ಎಂದ.

ಅವನಿಗೆ ತಿಳಿದದ್ದು ನಿಜ. ತನ್ನನ್ನು ಮೂರು ಸಲ ಕೆಡವಿದ ಹಿಡಿತದ ಗುಟ್ಟು ಅವನಿಗೆ ನಾಲ್ಕನೆಯ ಸಲ ಹೊರಗೆ ಕುಳಿತು ನೋಡಿದಾಗ ತಿಳಿಯಿತು. ಆ ತಿಳಿವಳಿಕೆಯನ್ನು ಅವನು ಎಲ್ಲಿ ಇಡಬೇಕು? ಮುಂದಿನ ವಾರ ಆಟವಿಲ್ಲ. ಮುಂದಿನ ವರ್ಷ ಅವನೇ ಕಾಲೇಜಿನಲ್ಲಿಲ್ಲ. ಸಾಹಿತ್ಯದ ವಿದ್ಯಾರ್ಥಿ ಒಂದು ಪ್ರಬಂಧವನ್ನು ಕೆಟ್ಟದಾಗಿ ಬರೆದರೆ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೊಮ್ಮೆ ಬರೆದು ತಾ ಎನ್ನುತ್ತಾರೆ. ಆಟದ ಹುಡುಗನಿಗೆ ಮಾತ್ರ ಒಂದೇ ಪ್ರಬಂಧ, ಅದೂ ನಲವತ್ತು ನಿಮಿಷದ್ದು.

ಹಾಗೆಂದು ನಮ್ಮ ನೆಲಕ್ಕೆ ಆಟದ ಋತು ಎಂಬುದು ಗೊತ್ತೇ ಇಲ್ಲವೆನ್ನುವಂತಿಲ್ಲ. ಬನದ ಹುಣ್ಣಿಮೆಯಿಂದ ತೊಡಗಿ ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ಯುಗಾದಿ, ದವನದ ಹುಣ್ಣಿಮೆಯವರೆಗೆ ಈ ಸೀಮೆಯಲ್ಲಿ ಜಾತ್ರೆಗಳ ಸರಣಿಯೇ ಇದೆ. ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತ ಬಂದಂತೆ ಕೈಗೆ ಬಿಡುವು, ಕಣದಲ್ಲಿ ಜಾಗ. ಒಂದೂರಲ್ಲಿ ಕುಸ್ತಿ, ಇನ್ನೊಂದೂರಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂಥ, ಮತ್ತೊಂದೂರಲ್ಲಿ ಬಂಡಿ ಓಟ. ರಾತ್ರಿ ಹೊನಲು ಬೆಳಕಿನಲ್ಲಿ ಕಬಡ್ಡಿ. ಅಲ್ಲಿಯೂ ಸೋತವರು ಹೊರಗೇ, ನಿಜ. ಆದರೆ ಎಂಟು ದಿನಕ್ಕೆ ಮುಂದಿನ ಜಾತ್ರೆ ಬರುತ್ತದೆ. ಅದೇ ಏಳು ಜನ ಬೇರೊಂದು ಅಂಗಿ ತೊಟ್ಟು, ಬೇರೊಂದು ದೇವರ ಹೆಸರಿನ ತಂಡವಾಗಿ ಅಲ್ಲಿ ಹಾಜರಾಗುತ್ತಾರೆ. ಪಂಚಾಂಗವೇ ಅವರಿಗೆ ಲೀಗು.

ಬನಶಂಕರಿಯ ಜಾತ್ರೆಗೆ ಬೀಡುಬಿಡುವ ನಾಟಕ ಕಂಪನಿಗಳನ್ನೇ ನೋಡಿ. ತಿಂಗಳುಗಟ್ಟಲೆ ಡೇರೆ ಹಾಕಿ, ರಾತ್ರಿಗೆ ಒಂದಲ್ಲ ಎರಡು ಆಟ ಆಡುತ್ತಾರೆ. ಸೋಮವಾರದ ನಾಟಕಕ್ಕೆ ಜನ ಕೂಡದಿದ್ದರೆ ಮಂಗಳವಾರ ಅದೇ ನಟ ಮತ್ತೆ ಬಣ್ಣ ಹಚ್ಚುತ್ತಾನೆ. ಸೋಮವಾರ ಬಿದ್ದ ಮಾತನ್ನು ಮಂಗಳವಾರ ಬೇರೆ ಬಗೆಯಲ್ಲಿ ಎತ್ತಿ ನೋಡುತ್ತಾನೆ. ಕಂಪನಿಯ ನಟರಿಗೆ ಇರುವ ಪಳಗಿದ ಕಂಠವೂ ಪ್ರೇಕ್ಷಕರ ನಾಡಿ ಹಿಡಿಯುವ ಬೆರಳೂ ಬಂದದ್ದು ಈ ಮಂಗಳವಾರಗಳಿಂದ. ಹವ್ಯಾಸಿಗಳು ವರ್ಷಕ್ಕೊಮ್ಮೆ ಆಡುತ್ತಾರೆ. ಅವರಲ್ಲಿ ಪ್ರತಿಭೆಗೆ ಕೊರತೆಯೇನಿಲ್ಲ, ಮಂಗಳವಾರವಿಲ್ಲ ಅಷ್ಟೆ.

ಕಾಲೇಜಿನ ಆಟವನ್ನೇ ಊರಿನ ಋತುವನ್ನಾಗಿ ಮಾಡಿಕೊಂಡ ಒಂದು ದೇಶವಿದೆ. ಅದು ಅಮೆರಿಕ. ಅಲ್ಲಿನ ಜನ 'ಫುಟ್‌ಬಾಲ್' ಎನ್ನುವುದು ನಾವು ಕಾಲಿನಿಂದ ಒದೆಯುವ ಆಟವನ್ನಲ್ಲ. ಸುಲಿದ ತೆಂಗಿನಕಾಯಿಯಂತೆ ಎರಡು ಕಡೆ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರು ಪಕ್ಷದ ನೆಲದೊಳಕ್ಕೆ ನುಗ್ಗುವ ಆಟ ಅದು. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋಗದಿದ್ದರೆ ಚೆಂಡು ಎದುರಿನವರಿಗೆ. ನಡುವೆ ಒಂದು ಗೆರೆ, ಗೆರೆಯ ಆಚೆ ಶತ್ರುವಿನ ನೆಲ, ನುಗ್ಗಿದವನನ್ನು ಕಾಲು ಸೊಂಟ ಹಿಡಿದು ಕೆಡವುವುದು. ಕಬಡ್ಡಿ ಬಲ್ಲವನಿಗೆ ಅರ್ಧ ಗಳಿಗೆಯಲ್ಲಿ ಅದು ಪರಿಚಿತವೆನಿಸುತ್ತದೆ. ಅವರು ಚೆಂಡನ್ನು ಒಯ್ಯುತ್ತಾರೆ, ನಮ್ಮವರು ಮೂವತ್ತು ಸೆಕೆಂಡಿನ ಉಸಿರನ್ನು.

ಕಾಲೇಜು ಕಾಲೇಜುಗಳ ನಡುವೆ ಆ ಆಟ ಮೊದಲ ಬಾರಿಗೆ ನಡೆದದ್ದು ೧೮೬೯ರ ನವೆಂಬರ್ ೬ರಂದು. ರಟ್ಗರ್ಸ್ ಕಾಲೇಜಿನವರು ಪ್ರಿನ್ಸ್‌ಟನ್ನಿನವರನ್ನು ೬-೪ರಿಂದ ಸೋಲಿಸಿದರು. ಅಂದು ಶನಿವಾರ. ಅಂದಿನಿಂದ ಶನಿವಾರವೆಂದರೆ ಕಾಲೇಜಿನ ಆಟದ ದಿನವೆಂಬ ರೂಢಿ ಬೆಳೆದು ಬಂತು. ಆಗಸ್ಟಿನ ಕೊನೆಗೆ ತೊಡಗಿ ನವೆಂಬರ್ ಮುಗಿಯುವವರೆಗೆ ವಾರಕ್ಕೊಂದರಂತೆ ಸುಮಾರು ಹನ್ನೆರಡು ಆಟ. ಒಂದು ವಾರ ತಮ್ಮೂರಲ್ಲಿ, ಇನ್ನೊಂದು ವಾರ ಪರವೂರಲ್ಲಿ. ಸಪ್ಟಂಬರಿನ ಮೊದಲ ಶನಿವಾರ ಸೋತ ಹುಡುಗನಿಗೆ ಎರಡನೆಯ ಶನಿವಾರವಿದೆ.

ಈ ಮಾತಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನಲ್ಲಿ, ಹಳೆಯ ಸೈನಿಕ ಠಾಣ್ಯದ ಕಟ್ಟಡಗಳಲ್ಲಿ, ೧೮೭೯ರಲ್ಲಿ ಒಂದು ಶಾಲೆ ತೆರೆಯಿತು. ಅಮೆರಿಕದ ಮೂಲನಿವಾಸಿ ಜನರ ಮಕ್ಕಳನ್ನು ದೂರದೂರದ ಪಂಗಡಗಳಿಂದ ತಂದು ಅಲ್ಲಿಟ್ಟರು. ತಂದೊಡನೆ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯಿನುಡಿಯಲ್ಲಿ ಮಾತಾಡುವುದನ್ನು ನಿಷೇಧಿಸಿದರು. ಆ ಶಾಲೆ ಒಂದು ಕ್ರೌರ್ಯ. ಅದರ ಆಟದ ಕೀರ್ತಿಯನ್ನು ಹೇಳುವಾಗ ಇದನ್ನು ಮುಚ್ಚಿಡಬಾರದು. ಆ ಮಕ್ಕಳ ಫುಟ್‌ಬಾಲ್ ತಂಡವೊಂದು ಬೆಳೆದು, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನು ಅವುಗಳ ಊರಿಗೇ ಹೋಗಿ ಎದುರಿಸತೊಡಗಿತು. ೧೯೧೨ರಲ್ಲಿ ಅದರ ಮುಖ್ಯ ಆಟಗಾರ ಜಿಮ್ ಥಾರ್ಪ್. ಆ ಬೇಸಗೆಯಲ್ಲೇ ಸ್ಟಾಕ್‌ಹೋಮಿನ ಒಲಿಂಪಿಕ್ಸಿನಲ್ಲಿ ಎರಡು ಬಂಗಾರದ ಪದಕ ಗೆದ್ದು ಬಂದವನು. ನವೆಂಬರ್ ೯ರಂದು ಅವರು ವೆಸ್ಟ್ ಪಾಯಿಂಟಿನ ಸೈನಿಕ ಅಕಾಡೆಮಿಯ ತಂಡವನ್ನು ೨೭-೬ರಿಂದ ಮಣಿಸಿದರು. ಮುಂದೆ ರಾಷ್ಟ್ರಾಧ್ಯಕ್ಷರಾದ ಐಸೆನ್‌ಹೋವರ್ ಅಂದು ಎದುರು ಪಕ್ಷದಲ್ಲಿ ಆಡುತ್ತಿದ್ದರು. ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯ ಮೂಲನಿವಾಸಿಗಳನ್ನು ಕೊಂದು ಆಗ ಇಪ್ಪತ್ತೆರಡೇ ವರ್ಷ ಕಳೆದಿತ್ತೆಂದರೆ, ಆ ಗೆಲುವಿನ ತೂಕ ತಿಳಿದೀತು.

ಕತೆ ಹೇಳುವವರೆಲ್ಲ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅನಂತರದ ಮೂರು ವಾರ. ಮರುಶನಿವಾರವೇ, ನವೆಂಬರ್ ೧೬ರಂದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು ಇದೇ ತಂಡ ೨೬-೩೪ರಿಂದ ಸೋತಿತು. ಸೈನ್ಯವನ್ನು ಗೆದ್ದವರು ಏಳು ದಿನದಲ್ಲಿ ನೆಲ ಕಚ್ಚಿದರು. ನಮ್ಮ ಕ್ರಮವಾಗಿದ್ದರೆ ಅವರ ವರ್ಷ ಅಲ್ಲಿಗೆ ಮುಗಿಯುತ್ತಿತ್ತು. ಹಾಗಾಗಲಿಲ್ಲ, ಮುಂದಿನ ಶನಿವಾರ ಸ್ಪ್ರಿಂಗ್‌ಫೀಲ್ಡಿನವರೊಡನೆ ಆಟ. ಅದನ್ನು ಗೆದ್ದದ್ದು ೩೦-೨೪ರಿಂದ, ಕಷ್ಟಪಟ್ಟೇ. ಮತ್ತೆ ಐದು ದಿನಕ್ಕೆ, ನವೆಂಬರ್ ೨೮ರಂದು, ಬ್ರೌನ್ ವಿಶ್ವವಿದ್ಯಾಲಯದ ಮೇಲೆ ೩೨-೦. ಆ ವರ್ಷದ ಲೆಕ್ಕ: ಹದಿನಾಲ್ಕು ಆಟ, ಹನ್ನೆರಡು ಗೆಲುವು, ಒಂದು ಸಮ, ಒಂದು ಸೋಲು. ಈ ೩೪, ೨೪, ೦ ಎಂಬ ಎದುರಾಳಿಗಳ ಅಂಕಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಒಂದು ತಂಡ ತನ್ನ ತೂತನ್ನು ತಾನೇ ಹೊಲಿದುಕೊಂಡ ಬಗೆ ಅಲ್ಲಿ ಕಾಣುತ್ತದೆ. ಮೈದಾನದ ಹೊರಗೆ ಎಲ್ಲವನ್ನೂ ಕಸಿದುಕೊಂಡವರು ಆ ಹುಡುಗರಿಗೆ ಮರುಶನಿವಾರವನ್ನಾದರೂ ಬಿಟ್ಟಿದ್ದರು. ಶಾಲೆ ೧೯೧೮ರಲ್ಲಿ ಮುಚ್ಚಿತು.

ಅಮೆರಿಕದ್ದೆಲ್ಲ ಅನುಕರಣೀಯವೆಂದು ಯಾರೂ ತಿಳಿಯಬೇಡಿ. ಅಲ್ಲಿ ಈ ಆಟಕ್ಕೆ ಸಿಕ್ಕು ಪ್ರಾಣ ಕಳೆದುಕೊಂಡವರ ಸಂಖ್ಯೆ ೧೯೦೫ರಲ್ಲಿ ಎಷ್ಟು ಹೆಚ್ಚಿತೆಂದರೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಿರೆಂದು ಹೇಳಬೇಕಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ೧೯೦೬ರಲ್ಲಿ ಅನುಮತಿ ದೊರೆತದ್ದು ಆ ಸುಧಾರಣೆಯ ಫಲ. ಈಗಿನ ಪಿಡುಗು ಹಣ. ಲಕ್ಷ ಜನ ಕೂಡುವ ಕ್ರೀಡಾಂಗಣಗಳು, ಕುಲಪತಿಗಿಂತ ಹೆಚ್ಚು ಸಂಬಳದ ತರಬೇತುದಾರರು; ಆಡುವ ಹುಡುಗರಿಗೆ ತಮ್ಮ ಹೆಸರಿನಿಂದ ನಾಲ್ಕು ಕಾಸು ಗಳಿಸುವ ಹಕ್ಕು ಸಿಕ್ಕಿದ್ದು ೨೦೨೧ರಲ್ಲಿ. ಅದೆಲ್ಲ ಅವರಿಗೇ ಇರಲಿ. ನಮಗೆ ಬೇಕಾದದ್ದು ಕ್ರೀಡಾಂಗಣವಲ್ಲ, ಶನಿವಾರ.

ಕಬಡ್ಡಿಗೆ ಇಂಥ ಋತು ಒಗ್ಗುವುದಿಲ್ಲವೆಂಬ ಮಾತಿಗೂ ಈಗ ಜಾಗವಿಲ್ಲ. ೨೦೧೪ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಅದನ್ನು ತೋರಿಸಿಕೊಟ್ಟಿದೆ. ಆರನೆಯ ಆವೃತ್ತಿಯಲ್ಲಿ ನಮ್ಮ ಬೆಂಗಳೂರು ಬುಲ್ಸ್ ತಂಡ ತಿಂಗಳುಗಟ್ಟಲೆ ಆಡಿತು, ನಡುವೆ ಸೋತಿತು, ಮತ್ತೆ ಆಡಿತು; ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಗುಜರಾತ್ ತಂಡವನ್ನು ೩೮-೩೩ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಇದಕ್ಕೆ ಎದುರಾಗಿ ರಾಷ್ಟ್ರೀಯ ತಂಡದ ಕತೆ ನೋಡಿ. ೧೯೯೦ರಿಂದ ೨೦೧೪ರವರೆಗೆ ಏಷ್ಯನ್ ಕ್ರೀಡಾಕೂಟದ ಏಳು ಬಂಗಾರಗಳನ್ನು ಸಾಲಾಗಿ ಗೆದ್ದ ಭಾರತದ ಪುರುಷರು ೨೦೧೮ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇರಾನಿಗೆ ಸೋತರು. ಆ ಬಂಗಾರ ಮರಳಿ ಬಂದದ್ದು ೨೦೨೩ರಲ್ಲಿ, ಹಾಂಗ್‌ಝೌನಲ್ಲಿ. ಐದು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಸೋತವರಲ್ಲಿ ಕೆಲವರ ಆಟದ ವಯಸ್ಸೇ ಮೀರಿತ್ತು.

ದೊಡ್ಡವರ ಮಾತು ಹಾಗಿರಲಿ. ನಾನು ಕೇಳುವುದು ಬಹಳ ಸಣ್ಣದು. ಬಾದಾಮಿ, ಬಾಗಲಕೋಟೆ, ಹುನಗುಂದ, ಇಲಕಲ್ಲು: ನಾಲ್ಕು ಊರು. ಎಲ್ಲಿಂದ ಎಲ್ಲಿಗೆ ಹೋದರೂ ಬೆಳಿಗ್ಗೆ ಹೊರಟವನು ರಾತ್ರಿಯ ಊಟಕ್ಕೆ ಮನೆಯಲ್ಲಿರಬಹುದು. ಊರಿಗೊಂದು ಕಾಲೇಜು ತಂಡವೆಂದು ಹಿಡಿದರೆ, ಪ್ರತಿಯೊಂದು ತಂಡ ಉಳಿದ ಮೂರರೊಡನೆ ಎರಡೆರಡು ಸಲ ಆಡಲಿ. ಒಮ್ಮೆ ತನ್ನ ನೆಲದಲ್ಲಿ, ಒಮ್ಮೆ ಅವರ ನೆಲದಲ್ಲಿ. ಒಟ್ಟು ಹನ್ನೆರಡು ಆಟ, ಶನಿವಾರಕ್ಕೆ ಎರಡರಂತೆ ಆರು ಶನಿವಾರ. ತಂಡವೊಂದಕ್ಕೆ ಬೀಳುವ ಖರ್ಚು ಮೂರು ಸಲದ ಬಸ್ಸಿನ ದರ, ಮೂರು ಸಲ ಬಂದವರಿಗೆ ಊಟ. ಹುಡುಗಿಯರ ತಂಡಗಳೂ ಅದೇ ಬಸ್ಸಿನಲ್ಲಿ ಹೋಗಿ ಅದೇ ದಿನ ಆಡಬಹುದು. ಅವರ ಅಂಕಣ ಇನ್ನೂ ಚಿಕ್ಕದು, ಹನ್ನೆರಡು ಮೀಟರಿಗೆ ಎಂಟು. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಂಥವರು ಹುಟ್ಟಿದ ನಾಡಿನಲ್ಲಿ ಹುಡುಗಿಯರ ತಂಡ ಎಲ್ಲಿಂದ ತರುವುದೆಂದು ಕೇಳುವವರಿಲ್ಲವೆಂದು ನಂಬಿದ್ದೇನೆ.

ಪರೀಕ್ಷೆ ಅಡ್ಡಬರುತ್ತದೆ ಎನ್ನುವರು. ಸೆಮಿಸ್ಟರಿನಲ್ಲಿ ಪರೀಕ್ಷೆಯಿಲ್ಲದ ಆರು ಶನಿವಾರಗಳನ್ನು ಹುಡುಕಲಾರದಷ್ಟು ನಾವು ಗಣಿತದಲ್ಲಿ ಹಿಂದಿಲ್ಲ. ವಿಶ್ವವಿದ್ಯಾಲಯದ ಪಂದ್ಯಾವಳಿ ಬೇಡವೆ? ಬೇಕು, ಅದು ಇರಲಿ. ಯೂನಿವರ್ಸಿಟಿ ಬ್ಲೂ ಆಗುವ ಆಸೆ ಹುಡುಗರಿಗೆ ಇರಲಿ. ಈ ಆರು ಶನಿವಾರ ಕಳೆದ ಮೇಲೆ ಅಲ್ಲಿಗೆ ಹೋದ ತಂಡ ಒಂಬತ್ತೂವರೆಗೆ ಆಡತೊಡಗಿ ಹತ್ತೂಕಾಲಿಗೆ ಸೋತು ಬಂದರೂ, ಅದರ ಬೆನ್ನಿಗೆ ಆರು ಆಟಗಳ ನೆನಪಿರುತ್ತದೆ. ಎಡಮೂಲೆಯವನು ಕಾಲು ಹೇಗೆ ಹಿಡಿಯುತ್ತಾನೆಂಬುದು ಸಪ್ಟಂಬರಿನಲ್ಲೇ ತಿಳಿದಿರುತ್ತದೆ.

ನೆಲದ ಪ್ರಶ್ನೆಯೊಂದು ಉಳಿಯಿತು. ಹುನಗುಂದ, ಇಲಕಲ್ಲಿನ ಕಡೆಯ ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಕೆಂಪು ಮಣ್ಣು ತಂದು ಹರವಬೇಕಾದೀತು. ಬಾದಾಮಿಯದಕ್ಕೆ ಮಣ್ಣು ತರಬೇಕಾಗಿಲ್ಲ, ಕಲ್ಲು ತೆಗೆಯಬೇಕು. ಎರಡಕ್ಕೂ ಎರಡು ದಿನದ ಕೆಲಸವಿದೆ. ಆಟ ಶನಿವಾರವೆಂದಾದರೆ ಗುರುವಾರ ಸಂಜೆಯೇ ಗುದ್ದಲಿ ಹಿಡಿದು ಅಗೆದು, ಶುಕ್ರವಾರ ನೀರು ಹೊಡೆದು, ಬೆಳಗಿನ ಜಾವ ಒಮ್ಮೆ ಕುಂಟೆ ಎಳೆದು, ಬಿಸಿಲೇರುವ ಮುಂಚೆ ಸುಣ್ಣದ ಗೆರೆ ಹಾಕಬೇಕು.